ಆಫೀಸ್ ಕೆಲಸದ ನಡುವೆ ಸೈಕಲ್ ರೇಸಿಗೆ ತಯಾರಿ: ವಾರಕ್ಕೆ ಆರು ಗಂಟೆ ಸಾಕು

ನಾನು ಮಂಗಳೂರಿನ ಒಂದು ಬ್ಯಾಂಕ್ ಶಾಖೆಯಲ್ಲಿ ಕೆಲಸ ಮಾಡುವವನು. ಬೆಳಿಗ್ಗೆ ಒಂಬತ್ತೂವರೆಗೆ ಒಳಗೆ ಹೋದರೆ ಹೊರಗೆ ಬರುವ ಹೊತ್ತು ನಮ್ಮ ಕೈಯಲ್ಲಿ ಇರುವುದಿಲ್ಲ. ಆದರೂ ಪ್ರತಿ ಚಳಿಗಾಲ ಒಂದಾದರೂ ಹವ್ಯಾಸಿ ಸೈಕಲ್ ರೇಸಿಗೆ ಹೆಸರು ಕೊಡುತ್ತೇನೆ. 60, 80 ಕಿ.ಮೀ. ರೇಸುಗಳು. ಮುಂದಿನ ಗುಂಪಿನ ಜೊತೆ ಕೊನೆಯವರೆಗೂ ಇರಬೇಕು ಅನ್ನುವುದು ನನ್ನ ಆಸೆ. ಎರಡು ವರ್ಷಗಳಿಂದ ಅದು ಆಗುತ್ತಿದೆ.

ಮೊದಲ ವರ್ಷ ಹೀಗಿರಲಿಲ್ಲ. ಯಾರೋ ಕಳುಹಿಸಿದ, ವಾರಕ್ಕೆ 12 ಗಂಟೆಯ ಪ್ಲಾನ್ ಹಿಡಿದುಕೊಂಡಿದ್ದೆ. ಬೆಳಿಗ್ಗೆ ನಾಲ್ಕಕ್ಕೆ ಅಲಾರಂ, ರಾತ್ರಿ ಮಲಗುವಾಗ ಹನ್ನೊಂದೂವರೆ. ಆರು ವಾರ ಹೇಗೋ ಎಳೆದೆ. ಏಳನೇ ವಾರ ಜ್ವರ ಬಂತು. ಜ್ವರ ಬಿಟ್ಟ ಮೇಲೂ ಮೂರು ವಾರ ಕೆಮ್ಮು ಬಿಡಲಿಲ್ಲ. ರೇಸಿನ ದಿನ ಮನೆಯಲ್ಲೇ ಇದ್ದೆ. ಆ ಪ್ಲಾನಿನಲ್ಲಿ ತಪ್ಪಿರಲಿಲ್ಲ, ಅದಕ್ಕೆ ಬೇಕಾದಷ್ಟು ನಿದ್ದೆ ನನ್ನ ಹತ್ತಿರ ಇರಲಿಲ್ಲ. ತುಳಿದ ಕೆಲಸ ಮೈಗೆ ಹತ್ತುವುದು ಮಲಗಿದಾಗಲೇ. ಈಗ ನಾನು ಮೊದಲು ದಿನಕ್ಕೆ ಏಳು ಗಂಟೆ ನಿದ್ದೆ ತೆಗೆದಿಡುತ್ತೇನೆ. ಉಳಿದದ್ದರಲ್ಲಿ ಆಫೀಸು, ಮನೆ, ಆಮೇಲೆ ಸೈಕಲ್. ಆಗ ವಾರಕ್ಕೆ ಸುಮಾರು ಆರು ಗಂಟೆ ಸಿಗುತ್ತದೆ. ಆ ಆರು ಗಂಟೆಯನ್ನು ಹೇಗೆ ಬಳಸುವುದು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಈಗಾಗಲೇ 40 ಕಿ.ಮೀ. ಆರಾಮವಾಗಿ ತುಳಿಯುವವರಿಗೆ ಇದು. 40 ವರ್ಷ ದಾಟಿದವರು, ಬಿಪಿ, ಶುಗರ್ ಇರುವವರು, ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇದ್ದವರು ಮೊದಲು ಡಾಕ್ಟರಿಗೆ ತೋರಿಸಿ, ಆಮೇಲೆ ಶುರು ಮಾಡಿ.

ಮೊದಲು ಆಫೀಸಿನ ಕ್ಯಾಲೆಂಡರ್ ತೆಗೆಯಿರಿ

ರೇಸಿನ ದಿನದಿಂದ ಹಿಂದಕ್ಕೆ 12 ವಾರ ಎಣಿಸಿ. ಜನವರಿ ಕೊನೆಯ ಭಾನುವಾರ ರೇಸ್ ಅಂತಾದರೆ ನವೆಂಬರ್ ಮೊದಲ ವಾರ ಶುರು ಮಾಡಬೇಕು. ನಮ್ಮ ಕರಾವಳಿಗೆ ಇದು ಒಳ್ಳೆಯ ಕಾಲವೂ ಹೌದು. ಮಳೆ ಹಿಂದೆ ಸರಿದಿರುತ್ತದೆ, ಸೆಕೆ ಇನ್ನೂ ಏರಿರುವುದಿಲ್ಲ.

ಈಗ ಒಂದು ಹಾಳೆಯಲ್ಲಿ 12 ಗೆರೆ ಎಳೆದು, ಸೈಕಲಿನ ವಿಷಯ ಒಂದೂ ಬರೆಯದೆ, ಉಳಿದದ್ದನ್ನೆಲ್ಲ ಬರೆಯಿರಿ. ಆಡಿಟ್ ಯಾವಾಗ, ಡಿಸೆಂಬರ್ 31ರ ಕ್ಲೋಸಿಂಗ್ ಯಾವ ವಾರ, ಯಾರ ಮದುವೆ, ಊರಿನ ಭೂತಕೋಲ ಎಂದು, ಮಕ್ಕಳ ಶಾಲೆಯ ವಾರ್ಷಿಕೋತ್ಸವ ಎಂದು. ಉಡುಪಿಯವರಾದರೆ, ಕೃಷ್ಣ ಮಠದ ಪರ್ಯಾಯ ಉತ್ಸವ ಇರುವ ವರ್ಷ ಜನವರಿ 18ರ ಆಸುಪಾಸು ಪೇಟೆಯಲ್ಲಿ ಸೈಕಲ್ ಹೊರಡುವುದೇ ಕಷ್ಟ, ಅದನ್ನೂ ಗುರುತು ಹಾಕಿ. ಇಡೀ ರಾತ್ರಿ ಯಕ್ಷಗಾನದ ಆಟ ನೋಡುವ ಯೋಚನೆ ಇದ್ದರೆ ಅದನ್ನೂ ಬರೆಯಿರಿ. ನಾನು ಆಟ ಬಿಡುವುದಿಲ್ಲ. ಆದರೆ ಮರುದಿನ ಜೋರು ತುಳಿತ ಇಟ್ಟುಕೊಳ್ಳುವುದಿಲ್ಲ.

ಸಾಮಾನ್ಯವಾಗಿ ಮೂರು ವಾರ ಕೆಲಸ, ನಾಲ್ಕನೇ ವಾರ ಹಗುರ ಅಂತ ಲೆಕ್ಕ. ಹಗುರದ ವಾರದಲ್ಲಿ ಒಟ್ಟು ಸಮಯ ಮೂರೂವರೆ ಗಂಟೆಗೆ ಇಳಿಸಿ, ಜೋರು ತುಳಿತ ಬಿಟ್ಟುಬಿಡಿ. ಈ ಲೆಕ್ಕದ ಪ್ರಕಾರ ನಾಲ್ಕು ಮತ್ತು ಎಂಟನೇ ವಾರ ಹಗುರ ಆಗಬೇಕು. ನನಗೆ ವರ್ಷದ ಕೊನೆಯ ಕ್ಲೋಸಿಂಗ್ ಒಂಬತ್ತನೇ ವಾರದಲ್ಲಿ ಬರುತ್ತದೆ. ಹಾಗಾಗಿ ಎರಡನೇ ಹಗುರದ ವಾರವನ್ನು ಒಂಬತ್ತಕ್ಕೆ ದೂಡುತ್ತೇನೆ. ರಾತ್ರಿ ಒಂಬತ್ತಕ್ಕೆ ಮನೆಗೆ ಬರುವ ವಾರದಲ್ಲಿ ಹೇಗೂ ಒಳ್ಳೆಯ ತುಳಿತ ಆಗುವುದಿಲ್ಲ. ಮೊದಲೇ ಬರೆದಿಟ್ಟರೆ ಅದೇ ವಿಶ್ರಾಂತಿ ಆಗುತ್ತದೆ, ತಪ್ಪಿತು ಅನ್ನುವ ಕೊರಗೂ ಇರುವುದಿಲ್ಲ.

ಆ ಹಾಳೆಯನ್ನು ಮನೆಯವರ ಮುಂದೆ ಇಡಿ. ಇದನ್ನು ಜಾಸ್ತಿ ಜನ ಮಾಡುವುದಿಲ್ಲ. ನಮ್ಮ ಮನೆಯಲ್ಲಿ ಮೊದಲ ಪ್ರಶ್ನೆ, "ಭಾನುವಾರ ಎಷ್ಟು ಹೊತ್ತಿಗೆ ಬರ್ತೀರಿ?" ಅಂತ. ಒಂಬತ್ತೂವರೆ ಅಂದೆ. "ಒಂಬತ್ತೂವರೆ ಅಂದ್ರೆ ಒಂಬತ್ತೂವರೆ ಅಲ್ವಾ? ಮತ್ತೆ ಹತ್ತೂವರೆಗೆ ಬಂದು ಗಾಳಿ ಇತ್ತು ಅನ್ನಬಾರದು." ಆ ಮಾತು ಉಳಿಸಿಕೊಳ್ಳಲು ಐದೂಕಾಲಿಗೆ ಹೊರಡುತ್ತೇನೆ, ದಾರಿಯಲ್ಲಿ ಚಹಾಕ್ಕೆ ನಿಲ್ಲುವುದಿಲ್ಲ.

ವಾರ ಹೇಗಿರಬೇಕು

ಸೋಮವಾರ ರಜೆ. ಮಂಗಳವಾರ ಒಂದು ಗಂಟೆ ಜೋರು. ಬುಧವಾರ 45 ನಿಮಿಷ ಆರಾಮ. ಗುರುವಾರ ಒಂದು ಗಂಟೆ, ಮಧ್ಯಮಕ್ಕಿಂತ ಸ್ವಲ್ಪ ಮೇಲಿನ ಕೆಲಸ. ಶುಕ್ರವಾರ ಸೈಕಲ್ ಇಲ್ಲ, 20 ನಿಮಿಷ ಬಸ್ಕಿ, ಪ್ಲಾಂಕ್ ಅಂಥ ಸಣ್ಣ ವ್ಯಾಯಾಮ. ಶನಿವಾರ 45 ನಿಮಿಷ ಆರಾಮ. ಭಾನುವಾರ ಎರಡೂವರೆ ಗಂಟೆ, ಕೆಲವು ಭಾನುವಾರ ಮೂರು. ಲೆಕ್ಕ ಹಾಕಿ, ಆರು ಗಂಟೆಯ ಹತ್ತಿರ ಬರುತ್ತದೆ.

ಇದರಲ್ಲಿ ಕಷ್ಟವಾದದ್ದು ಜೋರು ದಿನ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ನೋಡಿದ ಹಾಗೆ, ಜನ ಎಡವುವುದು ಆರಾಮ ದಿನದಲ್ಲಿ. ಆರಾಮ ಅಂದರೆ ಪಕ್ಕದವರ ಹತ್ತಿರ ಏದುಸಿರು ಇಲ್ಲದೆ ಪೂರ್ತಿ ವಾಕ್ಯ ಮಾತಾಡುವ ಹಾಗೆ ಇರಬೇಕು. ಮಂಗಳೂರಿನಲ್ಲಿ ಇದು ಸುಲಭ ಅಲ್ಲ. ಮನೆಯಿಂದ ಹೊರಟರೆ ಒಂದೋ ಏರು, ಇಲ್ಲದಿದ್ದರೆ ಇಳಿತ. ಕದ್ರಿ, ಬಿಜೈ, ಬಾವುಟಗುಡ್ಡೆ, ಎಲ್ಲಿ ತಿರುಗಿದರೂ ಗುಡ್ಡೆ. ಆರಾಮ ಅಂತ ಹೊರಟವರು ಐದು ಏರು ಹತ್ತಿ, ಸುಸ್ತಾಗಿ ಮನೆಗೆ ಬರುತ್ತಾರೆ. ಮರುದಿನ ಜೋರು ತುಳಿಯಬೇಕಾದಾಗ ಕಾಲು ಬರುವುದಿಲ್ಲ. ಕೊನೆಗೆ ವಾರದ ಎಲ್ಲ ದಿನವೂ ಒಂದೇ ತರಹ ಆಗುತ್ತದೆ, ಪೂರ್ತಿ ಜೋರೂ ಅಲ್ಲ, ಪೂರ್ತಿ ಆರಾಮವೂ ಅಲ್ಲ.

ಇದಕ್ಕೆ ಎರಡು ಉಪಾಯ. ಒಂದು, ಆರಾಮ ದಿನ ಸಮತಟ್ಟು ರಸ್ತೆಗೇ ಹೋಗಿ. ಕೂಳೂರು ಕಡೆಯವರಿಗೆ ತಣ್ಣೀರುಬಾವಿ ರಸ್ತೆ ಇದೆ. ಸುರತ್ಕಲ್‌ನವರಿಗೆ ಮುಕ್ಕದಿಂದ ಸಸಿಹಿತ್ಲು. ಉಡುಪಿಯವರಿಗೆ ಮಲ್ಪೆಯಿಂದ ಪಡುಕೆರೆ ಸೇತುವೆ ದಾಟಿ ಮಟ್ಟು ಕಡೆಗೆ ಹೋಗುವ ರಸ್ತೆ. ಒಂದು ಬದಿ ಸಮುದ್ರ, ಇನ್ನೊಂದು ಬದಿ ಹೊಳೆ. ಅಂಥ ರಸ್ತೆ ಇರುವ ಊರಿನವರು ಭಾಗ್ಯವಂತರು. ಎರಡು, ಸೈಕಲಿನ ಹಿಂದಿನ ಗೇರಿನಲ್ಲಿ 32 ಅಥವಾ 34 ಹಲ್ಲಿನ ಚಕ್ರ ಇರಲಿ. ಏರು ಬಂದರೆ ನಾಚಿಕೆ ಬಿಟ್ಟು ಅದಕ್ಕೆ ಹಾಕಿ, ಮೆಲ್ಲಗೆ ಹತ್ತಿ. ಹಿಂದಿನಿಂದ ಬಂದ ಹುಡುಗರು ದಾಟಿ ಹೋದರೆ ಹೋಗಲಿ.

ಆಫೀಸಿಗೆ ಸೈಕಲಿನಲ್ಲೇ ಹೋಗುವ ಅನುಕೂಲ ಇದ್ದರೆ ಬುಧವಾರದ ಆರಾಮ ತುಳಿತ ಅಲ್ಲೇ ಮುಗಿಯಿತು. ನಮ್ಮ ಸೆಕೆಯಲ್ಲಿ ಬೆವರಿನದ್ದೇ ದೊಡ್ಡ ಚಿಂತೆ. ಸೋಮವಾರ ಸ್ಕೂಟರಿನಲ್ಲಿ ಹೋಗುವಾಗಲೇ ಇಸ್ತ್ರಿ ಮಾಡಿದ ಎರಡು ಶರ್ಟು, ಒಂದು ಟವೆಲ್ ಕೊಂಡುಹೋಗಿ ಡ್ರಾಯರಿನಲ್ಲಿ ಇಟ್ಟುಬಿಡಿ. ಅರ್ಧ ಗಂಟೆ ಮೊದಲೇ ತಲುಪಿ. ಬೆವರು ನಿಲ್ಲಲು 15 ನಿಮಿಷ ಬೇಕು, ಅದು ನಿಲ್ಲುವ ಮೊದಲು ಶರ್ಟು ಹಾಕಿದರೆ ಅದೂ ಒದ್ದೆ.

ಮಂಗಳವಾರದ ಗುಡ್ಡೆ

ಮೊದಲ ಮೂರು ವಾರ ಮಂಗಳವಾರ ಎಂಟೆಂಟು ನಿಮಿಷದ ಮೂರು ಏರು, ಉಸಿರು ಜೋರಾಗುವಷ್ಟು ಮಾತ್ರ. ಐದನೇ ವಾರದಿಂದ ನಿಜವಾದ ಕೆಲಸ: ನಾಲ್ಕು ನಿಮಿಷ ಜೋರು, ನಾಲ್ಕು ನಿಮಿಷ ವಿಶ್ರಾಂತಿ, ಹೀಗೆ ನಾಲ್ಕು ಸಲ. ಇಡೀ 12 ವಾರದಲ್ಲಿ ನನಗೆ ಹೆಚ್ಚು ಲಾಭ ಕೊಟ್ಟದ್ದು ಇದೇ. ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಾನು ಕಾವೂರಿನಿಂದ ಹೊರಟು, ಮರವೂರು ಸೇತುವೆ ದಾಟಿ, ಕೆಂಜಾರಿಗೆ ಹೋಗುತ್ತೇನೆ. ಅಲ್ಲಿಂದ ವಿಮಾನ ನಿಲ್ದಾಣದ ಗುಡ್ಡೆ ಶುರು. ನಿಲ್ದಾಣ ಇರುವುದು ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಎತ್ತರದಲ್ಲಿ, ಕೆಳಗೆ ಫಲ್ಗುಣಿ ಹೊಳೆ. ನಾಲ್ಕು ನಿಮಿಷ ನಿಲ್ಲದೆ ಹತ್ತಲು ಬೇಕಾದಷ್ಟು ಏರು ಸಿಗುತ್ತದೆ. ಐದೂಮುಕ್ಕಾಲಿಗೆ ಇನ್ನೂ ಕತ್ತಲೆ. ಜನವರಿಯಲ್ಲಿ ಮಂಗಳೂರಿನಲ್ಲಿ ಸೂರ್ಯ ಮೂಡುವುದೇ ಏಳಕ್ಕೆ ಸ್ವಲ್ಪ ಮೊದಲು. ಬೆಳಗಿನ ವಿಮಾನ ಹಿಡಿಯುವವರ ಟ್ಯಾಕ್ಸಿಗಳು ಜೋರಾಗಿ ಬರುತ್ತವೆ. ಹಿಂದೆ ಕೆಂಪು ಲೈಟು, ಮುಂದೆ ಬಿಳಿ ಲೈಟು ಇಲ್ಲದೆ ಹೊರಡಲೇಬಾರದು.

ಮೊದಲ ನಿಮಿಷ ಇಷ್ಟೇನಾ ಅನಿಸಬೇಕು. ಕಾಲು ಹೊಸದು, ಜೋರು ಹೊಡೆಯಲು ಮನಸ್ಸಾಗುತ್ತದೆ. ತಡೆದುಕೊಳ್ಳಿ. ಎರಡನೇ ನಿಮಿಷ ಉಸಿರು ಕೇಳಲು ಶುರುವಾಗುತ್ತದೆ. ಮೂರನೆಯದರಲ್ಲಿ ಎರಡು ಮೂರು ಶಬ್ದಕ್ಕಿಂತ ಜಾಸ್ತಿ ಮಾತಾಡಲು ಆಗಬಾರದು. ನಾಲ್ಕನೆಯದರಲ್ಲಿ ಕಣ್ಣು ವಾಚಿನ ಮೇಲೆ ಹೋಗುತ್ತದೆ. ಆಗ ಭುಜ ಗಟ್ಟಿ ಹಿಡಿದಿದ್ದರೆ ಸಡಿಲ ಬಿಡಿ, ಹ್ಯಾಂಡಲ್ ಮೇಲಿನ ಬೆರಳು ಸಡಿಲಿಸಿ, ಕಾಲು ಮಾತ್ರ ಕೆಲಸ ಮಾಡಲಿ. ಮುಗಿದ ಕೂಡಲೇ ನಿಲ್ಲಿಸಬೇಡಿ, ಹಗುರ ಗೇರಿನಲ್ಲಿ ತಿರುಗಿಸುತ್ತಾ ಮೆಲ್ಲಗೆ ಇಳಿಯಿರಿ.

ನಾಲ್ಕೂ ಸಲ ಹೆಚ್ಚು ಕಡಿಮೆ ಒಂದೇ ಜಾಗಕ್ಕೆ ಮುಟ್ಟಿದರೆ ಸರಿಯಾಗಿ ಮಾಡಿದ್ದೀರಿ ಅಂತ ಅರ್ಥ. ನಾನು ರಸ್ತೆ ಬದಿಯ ಒಂದು ಲೈಟು ಕಂಬವನ್ನು ಗುರುತು ಇಟ್ಟುಕೊಂಡಿದ್ದೇನೆ. ಮೊದಲ ಸಲ ಕಂಬ ದಾಟಿ, ನಾಲ್ಕನೇ ಸಲ ಅದಕ್ಕಿಂತ ತುಂಬಾ ಕೆಳಗೇ ನಿಂತರೆ ಮೊದಲನೆಯದರಲ್ಲಿ ಆತುರಪಟ್ಟೆ ಅಂತ ಗೊತ್ತಾಗುತ್ತದೆ. ತುಳಿಯುವ ಬಲ ಅಳೆಯುವ ಪವರ್ ಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕಂಬ ಸಾಕು. ಉಡುಪಿಯವರು ಇದನ್ನೇ ಮಣಿಪಾಲಕ್ಕೆ ಹತ್ತುವ ಏರಿನಲ್ಲಿ ಮಾಡಬಹುದು, ವಾಹನ ಶುರುವಾಗುವ ಮೊದಲು.

ಗುರುವಾರದ ಕೆಲಸ ಬೇರೆ. 15 ನಿಮಿಷ ಒಂದೇ ಹದದಲ್ಲಿ, ಐದು ನಿಮಿಷ ಬಿಟ್ಟು ಮತ್ತೆ 15. ರೇಸಿನಲ್ಲಿ ಒಂದು ಗಂಟೆ ಎಳೆಯಬಲ್ಲ ಜೋರು ಅಂತ ಇಟ್ಟುಕೊಳ್ಳಿ. ಅದನ್ನು ಅಳೆಯಬೇಕಾದರೆ ಚೆನ್ನಾಗಿ ವಾರ್ಮ್ ಅಪ್ ಮಾಡಿ, 20 ನಿಮಿಷ ಪೂರ್ತಿ ಶಕ್ತಿ ಹಾಕಿ ತುಳಿದು, ಸಿಕ್ಕಿದ ಸರಾಸರಿ ಪವರಿನ 95 ಶೇಕಡಾ ತೆಗೆದುಕೊಳ್ಳುವುದು ರೂಢಿ. ಹಾರ್ಟ್ ರೇಟ್ ನೋಡುವವರು 220ರಿಂದ ವಯಸ್ಸು ಕಳೆಯುವ ಲೆಕ್ಕವನ್ನು ಪೂರ್ತಿ ನಂಬಬೇಡಿ, ಒಬ್ಬೊಬ್ಬರಿಗೆ ತುಂಬಾ ವ್ಯತ್ಯಾಸ ಬರುತ್ತದೆ. ಹತ್ತು ಮತ್ತು ಹನ್ನೊಂದನೇ ವಾರದ ಮಂಗಳವಾರಗಳಲ್ಲಿ 30 ಸೆಕೆಂಡ್ ಜೋರು, 30 ಸೆಕೆಂಡ್ ಹಗುರ, ಹತ್ತು ಸಲ. ರೇಸಿನಲ್ಲಿ ತಿರುವು ದಾಟಿದ ಕೂಡಲೇ ಗುಂಪು ಓಡುವುದು ಹೀಗೆಯೇ.

ತಡವಾದ ರಾತ್ರಿ, ಮಳೆಯ ಬೆಳಿಗ್ಗೆ

ರಾತ್ರಿ ಹನ್ನೊಂದಕ್ಕೆ ಮಲಗಿದರೆ ಐದಕ್ಕೆ ಏಳಬೇಡಿ. ಜೋರು ದಿನವನ್ನು ಒಂದು ದಿನ ಮುಂದಕ್ಕೆ ಹಾಕಿ. ಅದೂ ಆಗದಿದ್ದರೆ ಬಿಟ್ಟುಬಿಡಿ, ಶನಿವಾರ ಎರಡೂ ಸೇರಿಸಿ ಮಾಡಲು ಹೋಗಬೇಡಿ. ಹನ್ನೆರಡು ವಾರದಲ್ಲಿ ನಾಲ್ಕೈದು ದಿನ ತಪ್ಪಿಯೇ ತಪ್ಪುತ್ತದೆ. ನನಗೆ ಕಳೆದ ಸಲ ಆರು ತಪ್ಪಿತು.

ನವೆಂಬರಿನಲ್ಲೂ ಕೆಲವೊಮ್ಮೆ ಮಳೆ ಬರುತ್ತದೆ. ಮಳೆ ನಿಂತ ಮೇಲೂ ರಸ್ತೆ ಬದಿಯ ಪಾಚಿ, ತೊಳೆದುಬಂದ ಕೆಂಪು ಮಣ್ಣು ಜಾರುತ್ತದೆ. ಅಂಥ ದಿನ ಮನೆಯೊಳಗೆ ಟ್ರೈನರ್ (ಸೈಕಲ್ ಕೂರಿಸಿ ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ 45 ನಿಮಿಷ ತುಳಿದರೆ ಸಾಕು. ಟ್ರೈನರಿನಲ್ಲಿ ಇಳಿತ ಇಲ್ಲ, ಸಿಗ್ನಲ್ ಇಲ್ಲ, ಕಾಲಿಗೆ ಬಿಡುವೇ ಇಲ್ಲ. ಹಾಗಾಗಿ 45 ನಿಮಿಷ ಹೊರಗಿನ ಒಂದು ಗಂಟೆಗೆ ಸಮ ಅನಿಸುತ್ತದೆ. ಎದುರಿಗೆ ಫ್ಯಾನ್ ಇರಲೇಬೇಕು. ಹ್ಯಾಂಡಲ್ ಮೇಲೆ ಟವೆಲ್ ಹಾಕಿ, ಬೆವರಿನ ಉಪ್ಪು ಬೋಲ್ಟುಗಳನ್ನು ತಿನ್ನುತ್ತದೆ.

ಉಪ್ಪಿನ ಮಾತು ಬಂತಲ್ಲ. ಸಮುದ್ರದ ಬದಿಯಲ್ಲಿ ತುಳಿದು ಬಂದ ದಿನ ಸೈಕಲಿಗೆ ಒಂದು ಚೆಂಬು ಸಿಹಿನೀರು ಹೊಯ್ದು, ಒರೆಸಿ ಇಡಿ. ವಾರಕ್ಕೊಮ್ಮೆ ಹಳೆ ಬನಿಯನ್ ತುಂಡನ್ನು ಡೀಸೆಲಿನಲ್ಲಿ ಅದ್ದಿ, ಚೈನಿನ ಸುತ್ತ ಹಿಡಿದು, ಪೆಡಲ್ ಹಿಂದಕ್ಕೆ ತಿರುಗಿಸಿ. ಬಟ್ಟೆ ಕಪ್ಪಾಗುವುದು ನಿಂತ ಮೇಲೆ ಒಣಗಿಸಿ, ಒಂದೊಂದು ಕೊಂಡಿಗೆ ಒಂದೊಂದು ಹನಿ ಎಣ್ಣೆ. ಹತ್ತು ನಿಮಿಷ ಬಿಟ್ಟು ಹೊರಗಿನ ಎಣ್ಣೆ ಒರೆಸಿಬಿಡಿ. ಹೊರಗೆ ಉಳಿದ ಎಣ್ಣೆಗೆ ಮರಳು ಅಂಟುತ್ತದೆ, ಚೈನು ಬೇಗ ಸವೆಯುತ್ತದೆ.

ಭಾನುವಾರ

ಭಾನುವಾರ ಎರಡು ವಿಷಯ ಕಲಿಯಬೇಕು: ತುಂಬಾ ಹೊತ್ತು ತುಳಿಯುವುದು, ಗುಂಪಿನಲ್ಲಿ ತುಳಿಯುವುದು. ಮುಂದಿನವರ ಚಕ್ರದ ಹಿಂದೆ ಸರಿಯಾಗಿ ಕೂತರೆ ಸುಮಾರು ಕಾಲು ಭಾಗದಷ್ಟು ಶ್ರಮ ಉಳಿಯುತ್ತದೆ, ಒಳ್ಳೆಯ ವೇಗದಲ್ಲಿ ಇನ್ನೂ ಜಾಸ್ತಿ. ಒಬ್ಬರೇ ಎಷ್ಟು ಗಟ್ಟಿಯಾಗಿ ತುಳಿದರೂ ರೇಸಿನಲ್ಲಿ ಗುಂಪು ಬಿಟ್ಟುಹೋದರೆ ಕಷ್ಟ. ಊರಿನ ಸೈಕಲ್ ಬಳಗದ ಜೊತೆ ಎರಡು ವಾರಕ್ಕೊಮ್ಮೆಯಾದರೂ ಹೋಗಿ. ಎದುರಿನ ಟೈರನ್ನೇ ನೋಡಬೇಡಿ, ಮುಂದಿನವರ ಭುಜದ ಮೇಲಿಂದ ದೂರ ನೋಡಿ. ಒಮ್ಮೆಲೇ ಬ್ರೇಕ್ ಹಿಡಿಯಬೇಡಿ. ಗುಂಡಿ ಕಂಡರೆ ಕೈ ತೋರಿಸಿ, ಕೂಗಿ ಹೇಳಿ.

ಹೆದ್ದಾರಿ 66ರಲ್ಲಿ ಮಂಗಳೂರಿನಿಂದ ಉಡುಪಿ ಕಡೆ ಹೋಗುವವರು ಸರ್ವಿಸ್ ರೋಡ್ ಇರುವಲ್ಲಿ ಅದನ್ನೇ ಹಿಡಿಯಿರಿ. ಬೆಳಿಗ್ಗೆ ಗಾಳಿ ಕಡಿಮೆ, ಬಂದರೂ ಪೂರ್ವದಿಂದ. ಹೊತ್ತು ಏರಿದ ಹಾಗೆ ಸಮುದ್ರದ ಗಾಳಿ ಏಳುತ್ತದೆ, ವಾಯವ್ಯದಿಂದ ಬೀಸುತ್ತದೆ. ಮಧ್ಯಾಹ್ನ ಕುಂದಾಪುರ ಕಡೆ ಮುಖ ಮಾಡಿ ತುಳಿದವರಿಗೆ ಅದು ಏನು ಅಂತ ಗೊತ್ತು. ಅದೇ ಗಾಳಿಯನ್ನು ಅಭ್ಯಾಸಕ್ಕೆ ಬಳಸಬೇಕು ಅಂದರೆ, ರಜೆಯ ದಿನ ಒಮ್ಮೆ ಸಂಜೆ ಉತ್ತರಕ್ಕೆ ಹೋಗಿ, ಹಿಂದೆ ಬರುವಾಗ ಅದು ಬೆನ್ನಿಗೆ ಸಿಗುತ್ತದೆ.

ಏಳನೇ ವಾರದಲ್ಲಿ ಒಂದು ಭಾನುವಾರ ಆಗುಂಬೆಗೆ ಕೊಡಿ. ಉಡುಪಿಯಿಂದ ಸುಮಾರು 55 ಕಿ.ಮೀ. ಹೋಗಿ ಬರುವುದು ಎಲ್ಲರಿಗೂ ಆಗುವುದಿಲ್ಲ, ಹೆಬ್ರಿಯವರೆಗೆ ಕಾರಿನಲ್ಲಿ ಹೋಗಿ ಅಲ್ಲಿಂದ ಶುರು ಮಾಡಬಹುದು. ಸೋಮೇಶ್ವರ ದಾಟಿದ ಮೇಲೆ ಘಾಟಿ, 14 ಹೇರ್‌ಪಿನ್ ತಿರುವು, ಮೇಲೆ ಆಗುಂಬೆ ಸುಮಾರು 640 ಮೀಟರ್ ಎತ್ತರದಲ್ಲಿ. ಇದನ್ನು ರೇಸಿನ ಹಾಗೆ ಹತ್ತಬೇಡಿ. ಗುರುವಾರದ ಹದದಲ್ಲಿ ಕೂತುಕೊಂಡೇ ಹತ್ತಿ, ತಿರುವಿನ ಹೊರಬದಿ ಹಿಡಿದರೆ ಏರು ಸ್ವಲ್ಪ ಮೆತ್ತಗಿರುತ್ತದೆ, ಎದುರು ವಾಹನ ಇಲ್ಲ ಅಂತ ಖಾತ್ರಿ ಇದ್ದರೆ ಮಾತ್ರ. ಬಾಳೆಹಣ್ಣು ಜೇಬಿನಿಂದ ಹೊರಗೆ ಕಾಣಬಾರದು, ಮಂಗಗಳು ಇರುತ್ತವೆ. ಇಳಿಯುವಾಗ ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನಲ್ಲಿ ಬ್ರೇಕ್ ಬಿಡಿ.

ಸೆಕೆ, ನೀರು, ಊಟ

ಒಂದು ಗಂಟೆ ತುಳಿಯುವ ಮೊದಲು ತೂಕ ನೋಡಿ, ಬಂದು ಬೆವರು ಒರೆಸಿ ಮತ್ತೆ ನೋಡಿ. ಒಂದು ಕಿಲೋ ಇಳಿದರೆ ಸುಮಾರು ಒಂದು ಲೀಟರ್ ನೀರು ಹೋಗಿದೆ ಅಂತ ಲೆಕ್ಕ, ನಡುವೆ ಕುಡಿದದ್ದನ್ನು ಅದಕ್ಕೆ ಸೇರಿಸಿ. ಗಾಳಿಯಲ್ಲಿ ಪಸೆ ಜಾಸ್ತಿ ಇರುವುದರಿಂದ ಇಲ್ಲಿ ಬೆವರು ಒಣಗುವುದಿಲ್ಲ, ಮೈ ತಣಿಯುವುದೂ ಇಲ್ಲ. ಅದಕ್ಕೇ ಬಯಲುಸೀಮೆಯವರ ವೇಗದ ಲೆಕ್ಕ ನೋಡಿ ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಬಾಟಲಿ ಹೀಗೆ: 750 ಮಿ.ಲೀ. ನೀರು, ಸುಮಾರು 30 ಗ್ರಾಂ ಬೆಲ್ಲದ ಪುಡಿ, ಕಾಲು ಟೀ ಚಮಚ ಉಪ್ಪು, ಅರ್ಧ ಲಿಂಬೆ. ಲಿಂಬೆಯ ಬದಲು ಪುನರ್ಪುಳಿಯೂ (ಕೋಕಂ) ಆಗುತ್ತದೆ. ಗಂಟೆಗೆ ಒಂದು ಬಾಟಲಿ, ಜೊತೆಗೆ ಒಂದು ಬಾಳೆಹಣ್ಣು. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು ಅನ್ನುತ್ತಾರಲ್ಲ, ಇದರಲ್ಲಿ ಅದು ಸಿಗುತ್ತದೆ. ಬಿಪಿ ಇರುವವರು ಉಪ್ಪಿನ ಬಗ್ಗೆ ಡಾಕ್ಟರನ್ನು ಕೇಳಿ. ಬೊಂಡ, ಅಂದರೆ ಎಳನೀರು, ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ, ಸೋಡಿಯಂ ಕಡಿಮೆ. ಮೂರು ಗಂಟೆ ಬೆವರಿದ ಮೇಲೆ ಬರೀ ಬೊಂಡ ಸಾಕಾಗುವುದಿಲ್ಲ, ಉಪ್ಪು ಬೇಕು.

ಮನೆಗೆ ಬಂದ ಮೇಲೆ ಕುಚ್ಚಲಕ್ಕಿ ಗಂಜಿ, ಚಟ್ನಿ, ಎರಡು ಮೊಟ್ಟೆ ಅಥವಾ ಹೆಸರುಕಾಳಿನ ಪಲ್ಯ. ಪೇಟೆಯ ಪುಡಿಗಳಿಗೆ ದುಡ್ಡು ಹಾಕುವ ಅಗತ್ಯ ನನಗೆ ಬಂದಿಲ್ಲ.

ಕೊನೆಯ ವಾರ, ರೇಸಿನ ದಿನ

ಹನ್ನೆರಡನೇ ವಾರ ಸಮಯ ಅರ್ಧಕ್ಕೆ ಇಳಿಸಿ. ಮಂಗಳವಾರ ಎರಡು ನಿಮಿಷದ ಮೂರು ಜೋರು ಏರು, ಅಷ್ಟೇ. ಕಾಲು ಭಾರ ಅನಿಸಬಹುದು, ಅಭ್ಯಾಸ ಸಾಲದು ಅನ್ನುವ ಭಯವೂ ಬರುತ್ತದೆ. ಆ ಭಯಕ್ಕೆ ಗುರುವಾರ ಸುಮ್ನೆ 50 ಕಿ.ಮೀ. ತುಳಿಯಲು ಹೋಗಬೇಡಿ. ಹೊಸ ಟೈರು, ಹೊಸ ಶೂ, ಹೊಸ ಸೀಟು ಯಾವುದೂ ಈ ವಾರ ಬೇಡ.

ಹಿಂದಿನ ರಾತ್ರಿ ಅನ್ನ, ತಿಳಿಸಾರು, ಮಜ್ಜಿಗೆ. ಕೋರಿರೊಟ್ಟಿ ರೇಸ್ ಮುಗಿದ ಮೇಲೆ. ಬೆಳಿಗ್ಗೆ ರೇಸಿಗೆ ಎರಡೂವರೆ, ಮೂರು ಗಂಟೆ ಮೊದಲು ಮೂರು ಮೂಡೆ ಅಥವಾ ಇಡ್ಲಿ, ಸ್ವಲ್ಪ ಬೆಲ್ಲ, ಕಾಫಿ ಅಭ್ಯಾಸ ಇದ್ದರೆ ಕಾಫಿ. ಇದನ್ನೇ ಹತ್ತನೇ ವಾರದ ಭಾನುವಾರ ಒಮ್ಮೆ ತಿಂದು ತುಳಿದು ನೋಡಿರಬೇಕು.

ಶುರುವಿನಲ್ಲಿ ಎಲ್ಲರೂ ಓಡುತ್ತಾರೆ. ಮೊದಲ ಹತ್ತು ನಿಮಿಷ ಗುಂಪಿನ ಮುಂದಿನ ಮೂರನೇ ಒಂದು ಭಾಗದಲ್ಲಿ ಇರಿ, ಆದರೆ ಗಾಳಿಗೆ ಮುಖ ಕೊಡಬೇಡಿ. ತೀರಾ ಹಿಂದೆ ಉಳಿದರೆ ಪ್ರತಿ ತಿರುವಿನ ನಂತರ ಅಂತರ ಮುಚ್ಚಲು ಓಡಬೇಕಾಗುತ್ತದೆ. 20 ನಿಮಿಷಕ್ಕೊಮ್ಮೆ ಬಾಟಲಿ ತೆಗೆಯಿರಿ, ಬಾಯಾರಿಕೆಗೆ ಕಾಯಬೇಡಿ. ಏರು ಬರುವ ಮೊದಲು ಗುಂಪಿನ ಮುಂಭಾಗಕ್ಕೆ ಬನ್ನಿ, ಆಗ ಹತ್ತುವಾಗ ನಾಲ್ಕು ಜನ ದಾಟಿದರೂ ಗುಂಪಿನೊಳಗೇ ಇರುತ್ತೀರಿ. ನನ್ನ ಹಾಗೆ ಏರಿನಲ್ಲಿ ನಿಧಾನದವರಿಗೆ ಈ ಒಂದು ಉಪಾಯದಿಂದ ತುಂಬಾ ಸಹಾಯ ಆಗಿದೆ.

ಮತ್ತೆ, ರೇಸಿನ ಮರುದಿನ ಸೋಮವಾರದ ಆಫೀಸ್ ರಜೆ. ಅದನ್ನು ರೇಸಿಗೆ ಹೆಸರು ಕೊಟ್ಟ ದಿನವೇ ಅರ್ಜಿ ಹಾಕಿ ಮಂಜೂರು ಮಾಡಿಸಿಕೊಳ್ಳಿ. ತಿಂಗಳ ಕೊನೆ ಹತ್ತಿರ ಬಂದ ಮೇಲೆ ಕೇಳಿದರೆ ಯಾವ ಮ್ಯಾನೇಜರೂ ಕೊಡುವುದಿಲ್ಲ.